ಖಾಲಿ ಎಂಬ ಎರಡಕ್ಷರ

ದಾರಿ ತಪ್ಪುವುದರಲ್ಲಿ ನನ್ನನ್ನು ಮೀರಿಸುವವರನ್ನು ನಾನಿನ್ನೂ ಕಂಡಿಲ್ಲ. ಸೊಲ್ಲಾಪುರದ ನವಿ ಪೇಠೆಯ ಬಟ್ಟೆ ಅಂಗಡಿಯಿಂದ ಹೊರಬಿದ್ದರೆ ಸಾಕು, ಬಂದ ದಾರಿ ಯಾವುದು, ಹೋಗುವ ದಾರಿ ಯಾವುದು ಎಂದು ತಿಳಿಯದೆ ಮತ್ತೆ ಒಳಗೆ ಹೋಗಿ ಅಂಗಡಿಯವರನ್ನೇ ಕೇಳುತ್ತೇನೆ. ಹುಟ್ಟಿ ಬೆಳೆದ ಅಕ್ಕಲಕೋಟದಲ್ಲೇ ಸೊಲ್ಲಾಪುರದ್ದೆಂದು ಗಾಣಗಾಪುರದ ಬಸ್ಸು ಹತ್ತಿ ಕುಳಿತದ್ದೂ ಉಂಟು. ನಮ್ಮವರು ಅದಕ್ಕೆ "ಆಕಿದು ತೀರ್ಥಯಾತ್ರಾ" ಎಂದು ಬಂದವರ ಮುಂದೆಲ್ಲ ಹೇಳಿಕೊಂಡು ನಗುತ್ತಾರೆ. ಇಂಥವಳ ಕೈಗೆ ನಮ್ಮ ಕಾಲೇಜಿನವರು ಎಲ್ಲ ಕಟ್ಟಡಗಳ ಒಳಗಿನ ನಕಾಶೆ ಮಾಡುವ ಕೆಲಸ ಕೊಟ್ಟರು. ನಾನು ಭೂಗೋಳ ಕಲಿಸುತ್ತೇನೆ ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಕಾರಣವಿರಲಿಲ್ಲ.

ಕೆಲಸ ಹೀಗೆ. ಪ್ರತಿಯೊಂದು ಕೋಣೆ, ಬಾಗಿಲು, ಮೆಟ್ಟಿಲನ್ನು ಅಳೆದು ಕಂಪ್ಯೂಟರಿಗೆ ತುಂಬಬೇಕು. ನಾಳೆ ಎಲ್ಲಾದರೂ ಬೆಂಕಿ ಹತ್ತಿದರೆ, ಗೇಟಿನ ಬಳಿ ಕುಳಿತವರಿಗೆ ಯಾವ ಕೋಣೆಯಲ್ಲಿ ಜನ ಸಿಕ್ಕಿಕೊಂಡಿದ್ದಾರೆ ಎಂಬುದು ಪರದೆಯ ಮೇಲೆ ಕಾಣಬೇಕು. ಜನರಿದ್ದ ಕೋಣೆ ಕೆಂಪು, ಹುಡುಕಿ ನೋಡಿ ಯಾರೂ ಇಲ್ಲವೆಂದು ಗೊತ್ತಾದದ್ದು ಹಸಿರು. ಒಮ್ಮೆ ಹಸಿರಾದ ಕೋಣೆಗೆ ಯಾರೂ ತಿರುಗಿ ಹೋಗುವ ಹಾಗಿಲ್ಲ. ಹೊರಗಿನಿಂದ ಅಗಳಿ ಹಾಕಿ ಮುಂದಿನದಕ್ಕೆ ನಡೆಯಬೇಕು. ಈ ನಿಯಮಗಳನ್ನೆಲ್ಲ ಮಾಡಿದವಳು ನಾನೇ. ಕಂಪ್ಯೂಟರಿನ ಮುಂದೆ ಕೂಡಲು ಮಂದ್ರೂಪದ ಬಿರಾದಾರ ಸರ್ ಇದ್ದರು, ಭೌತಶಾಸ್ತ್ರದವರು. ಕೋಣೆ ಕೋಣೆ ತಿರುಗಿ ವೈರ್‌ಲೆಸ್ಸಿನಲ್ಲಿ ಸುದ್ದಿ ಹೇಳಲು ಪ್ರಯೋಗಾಲಯದ ಶಿಂದೆ. ಶಿಂದೆಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಆದರೆ ಅವನ ಬಾಯಿಂದ ಮರಾಠಿ ಬಿಟ್ಟು ಬೇರೇನೂ ಹೊರಡುವುದಿಲ್ಲ. ವೈರ್‌ಲೆಸ್ಸಿನ ಗರಗರದಲ್ಲಿ ಉದ್ದದ ಮಾತು ಕೇಳುವುದಿಲ್ಲವೆಂದು ನಾನು ಒಂದೇ ಶಬ್ದ ಗೊತ್ತುಮಾಡಿದೆ: ಕೋಣೆಯಲ್ಲಿ ಯಾರೂ ಇಲ್ಲದಿದ್ದರೆ 'ಖಾಲಿ'. ಕನ್ನಡದವರಿಗೂ ತಿಳಿಯುತ್ತದೆ, ಹಿಂದಿಯವರಿಗೂ ತಿಳಿಯುತ್ತದೆ. ಈ ಜಾಣತನಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನನ್ನನ್ನು ಕಾಡಿದ್ದು ಹಳೆಯ ಕಲ್ಲಿನ ಕಟ್ಟಡದ ನೆಲಮಾಳಿಗೆ. ಅಲ್ಲಿ ಮುರಿದ ಬೆಂಚುಗಳನ್ನು ತುಂಬಿದ್ದರು. ಮುರಿದ ಸಾಮಾನನ್ನು ಯಾರಾದರೂ ಹೇಗೆಂದರೆ ಹಾಗೆ ಒಗೆದು ಬಿಡುತ್ತಾರೆ. ಇಲ್ಲಿ ಯಾರೋ ಅವುಗಳನ್ನು ಸಾಲಾಗಿ ಜೋಡಿಸಿದ್ದರು, ಎಲ್ಲವೂ ಒಂದೇ ಗೋಡೆಯ ಕಡೆ ಮುಖಮಾಡಿ, ಪಾಠ ನಡೆದಿದೆ ಎಂಬಂತೆ. ಆ ಗೋಡೆಗೆ ಲೇಸರ್ ಹಿಡಿದು ಅಳೆದರೆ ಪ್ರತಿಸಲ ಬೇರೆ ಬೇರೆ ಅಳತೆ ಬರುತ್ತಿತ್ತು. ಯಂತ್ರ ಕೆಟ್ಟಿದೆ ಎಂದುಕೊಂಡು ಮೇಲಿನ ವರಾಂಡವನ್ನು ಅಳೆದರೆ ಸರಿಯಾಗಿ ತೋರಿಸುತ್ತಿತ್ತು. ದೆವ್ವಗಿವ್ವದಲ್ಲಿ ನನಗೆ ನಂಬಿಕೆಯಿಲ್ಲವೆಂದು ಶಿಂದೆಗೆ ಎರಡು ಮೂರು ಸಲ ಹೇಳಿದೆ. ಅವನು ಅದನ್ನು ನನ್ನ ಬಳಿ ಕೇಳಿರಲೇ ಇಲ್ಲ.

ರಜೆಯ ದಿನ ಮಧ್ಯಾಹ್ನ ಅಣಕು ತಾಲೀಮು ಇಟ್ಟುಕೊಂಡೆವು. ಸೈರನ್ನಿಗೆ ಇನ್ನೂ ಹೊತ್ತಿದೆಯಲ್ಲ, ಆ ಗೋಡೆಯನ್ನು ಕೊನೆಯದಾಗಿ ಅಳೆದುಬಿಡೋಣ ಎಂದು ನಾನೊಬ್ಬಳೇ ಕೆಳಗಿಳಿದೆ. ಅಳೆಯುತ್ತಿರುವಾಗಲೇ ಸೈರನ್ ಆಯಿತು. ಮೆಟ್ಟಿಲ ತುದಿಯಲ್ಲಿ ಶಿಂದೆ ಇಣುಕಿ ಕೈ ಮಾಡಿ ಹೋದ. ಸರಿ, ಈಗ ನನ್ನ ಕೋಣೆ ಕೆಂಪಾಗುತ್ತದೆ, ನನ್ನನ್ನು ಹೊರಗೆ ತರಲು ಜನ ಬರುತ್ತಾರೆ, ತಾಲೀಮಿಗೆ ಒಳ್ಳೆಯದೇ ಆಯಿತು ಎಂದು ಮೊಬೈಲಿನಲ್ಲಿ ನಕಾಶೆ ತೆರೆದೆ. ನೆಲಮಾಳಿಗೆಯ ನಡುವೆ ನೀಲಿ ಚುಕ್ಕೆ ಇತ್ತು, ಅದು ನಾನು. ನೋಡುತ್ತಿದ್ದಂತೆ ಚುಕ್ಕೆಯ ಸುತ್ತಲಿನ ಕೋಣೆ ಹಸಿರಾಯಿತು. ಕೂಡಲೇ, ತಾಲೀಮಿನ ಪದ್ಧತಿಯಂತೆ, ಇಡೀ ಕಟ್ಟಡದ ಕರೆಂಟು ತೆಗೆದರು. ಅದರ ಜೊತೆ ವೈಫೈಯೂ ಹೋಯಿತು. ಆ ನೆಲಮಾಳಿಗೆಯಲ್ಲಿ ಫೋನಿನ ಸಿಗ್ನಲ್ ಮೊದಲೇ ಇಲ್ಲ. ಮೇಲೆ, ಹಸಿರಾದ ಕೋಣೆಗಳನ್ನು ಮುಚ್ಚುತ್ತ ಬರುವ ಕಾವಲುಗಾರ ಬಾಗಿಲೆಳೆದು ಅಗಳಿ ಹಾಕಿದ ಸಪ್ಪಳ ಬಂತು.

ಕತ್ತಲೆಯಲ್ಲಿ ಮೊಬೈಲ್ ಹಿಡಿದು ನಿಂತಿದ್ದೆ. ನಾನಿರುವ ಕೋಣೆಯಲ್ಲಿ ಯಾರೂ ಇಲ್ಲವೆಂದು ನನ್ನದೇ ನಕಾಶೆ ಹೇಳುತ್ತಿತ್ತು. ತಮಾಷೆಯಲ್ಲ, ಒಂದು ಗಳಿಗೆ ನನಗೇ ಸಂಶಯ ಬಂದು ಕೈ ಚಿವುಟಿಕೊಂಡೆ. ಮೆಟ್ಟಿಲು ಹತ್ತಿ ಬಾಗಿಲು ಬಡಿದೆ. ಸೈರನ್ನಿನ ಗದ್ದಲದಲ್ಲಿ ಯಾರಿಗೆ ಕೇಳಬೇಕು? ಇದು ನಿಜವಾದ ಬೆಂಕಿಯಾಗಿದ್ದರೆ ನನ್ನ ಕಥೆ ಇಲ್ಲಿಗೆ ಮುಗಿಯುತ್ತಿತ್ತು ಎಂಬುದು ಹೊಳೆದು ಇನ್ನೂ ಜೋರಾಗಿ ಬಡಿದೆ. ಹಿಂದೆ ಬೆಂಚೊಂದು ಕಿರ್ ಎಂದಿತು. ಯಾರೋ ಎದ್ದರೋ, ಕುಳಿತರೋ, ತಿರುಗಿ ನೋಡುವ ಧೈರ್ಯವಾಗಲಿಲ್ಲ. ಗೋಡೆ ಹಿಡಿದುಕೊಂಡು ಬೆಳಕಿನ ಗೆರೆ ಕಂಡ ಕಡೆ ಸರಿದೆ. ಅದು ಅಂಗಳದ ನೆಲಕ್ಕೆ ಹತ್ತಿದ ಗವಾಕ್ಷಿ. ಆ ಹೊತ್ತಿಗೆ ಸೈರನ್ ನಿಂತಿತ್ತು, ಗವಾಕ್ಷಿಯಾಚೆ ಎರಡು ಜೊತೆ ಚಪ್ಪಲಿ ಕಂಡವು.

"ಮ್ಯಾಡಮ್ ಎಲ್ಲಿ ಅದಾರಪಾ?" ಬಿರಾದಾರ ಸರ್ ದನಿ.

"ಸಾಂಗಿತಲ ನಾ ಸರ್, ಖಾಲೀ." ಹೇಳಿದೆನಲ್ಲ ಎಂಬ ಧಾಟಿ ಶಿಂದೆಯದು.

"ಅದನ್ನ ಹಸರ ಮಾಡೀನಿ. ಮ್ಯಾಡಮ್ ಎಲ್ಲಿ ಅಂತ ಕೇಳಾಕತ್ತೀನಿ."

"ಖಾಲೀಚ ನಾ ಸರ್."

"ಖೋಲಿ ಖಾಲಿ ಅದ, ತಿಳೀತು. ಆಕಿ ಎಲ್ಲಿ?"

"ಖೋಲೀ ಖಾಲೀ, ಮ್ಯಾಡಮ್ ಪಣ ಖಾಲೀ."

ಆಗ ನನ್ನ ತಲೆಗೆ ಹೊಳೆಯಿತು. ಮರಾಠಿಯಲ್ಲಿ ಖಾಲೀ ಎಂದರೆ ಕೆಳಗೆ, ಪಣ ಎಂದರೆ ಕೂಡ. ಮ್ಯಾಡಮ್ ಕೆಳಗಿದ್ದಾರೆ ಎಂದು ಶಿಂದೆ ಹೇಳಿದ್ದ. ವೈರ್‌ಲೆಸ್ಸು ಮ್ಯಾಡಮ್ಮನ್ನು ನುಂಗಿ 'ಖಾಲಿ'ಯನ್ನಷ್ಟೇ ಮುಟ್ಟಿಸಿತ್ತು. ಪೇಠೆಯಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡುವ ಬಿರಾದಾರ ಸರ್ ಇವತ್ತು ಮಾತ್ರ ನನ್ನ ನಿಯಮಕ್ಕೆ ಕಟ್ಟುಬಿದ್ದು ಅದನ್ನು ಕನ್ನಡದಲ್ಲಿ ಕೇಳಿಸಿಕೊಂಡಿದ್ದರು. ನಾನು ಗವಾಕ್ಷಿಗೆ ಬಾಯಿ ಹಚ್ಚಿ ಕೂಗಿದೆ. ಬಂದ ದನಿ ನನ್ನದರ ಹಾಗಿರಲಿಲ್ಲ. ಅದೂ, ಮನೆಯಲ್ಲಿ ಕನಸನ್ನು ಕೂಡ ಕನ್ನಡದಲ್ಲಿ ಕಾಣುವವಳು, ಆ ಗಾಬರಿಯಲ್ಲಿ ಅಂದದ್ದು "ಮೀ ಖಾಲೀ ಆಹೇ!"

ನಾನು ಖಾಲಿ ಇದ್ದೇನೆ ಎಂದು ನೆಲದೊಳಗಿಂದ ಹೆಂಗಸಿನ ದನಿ ಬಂದರೆ ಮಂದ್ರೂಪದವರು ನಿಲ್ಲುತ್ತಾರೆಯೇ? ಮೊದಲು ಓಡಿದ್ದು ಬಿರಾದಾರ ಸರ್. ಅವರು ಓಡಿದ್ದನ್ನು ನೋಡಿ ಶಿಂದೆ "ಯವ್ವಾ" ಎಂದು ಅವರ ಹಿಂದೆ ಓಡಿದ. ಅವನ ಬಾಯಿಂದ ನಾನು ಕೇಳಿದ ಮೊದಲ ಕನ್ನಡ ಅದು.

ಸ್ವಲ್ಪ ಹೊತ್ತಿಗೆ ಕಾವಲುಗಾರ ಬಾಗಿಲು ತೆಗೆದ. ಅವನ ಬೆನ್ನ ಹಿಂದೆ ಬಿರಾದಾರ ಸರ್ ನಿಂತಿದ್ದರು.

"ನೀವ ಅದೀರೇನ್ರಿ ಮ್ಯಾಡಮ್?"

"ಮತ್ತ್ಯಾರಿರ್ತಾರ್ರಿ ಸರ?"

"ಅದನ್ನೊಂದು ಕೇಳಬ್ಯಾಡ್ರಿ" ಎಂದರು. ನಾನು ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಮರುದಿನವೇ ನಿಯಮ ತಿದ್ದಿದೆ. 'ಖಾಲಿ' ಶಬ್ದ ರದ್ದು. 'ಯಾರೂ ಇಲ್ಲ' ಎಂದೇ ಹೇಳಬೇಕು, ಅದನ್ನೂ ಒಳಗೆ ಕಾಲಿಟ್ಟು, ಮೂಲೆ ಮೂಲೆ ನೋಡಿಯೇ ಹೇಳಬೇಕು. ನೋಡದೆ ಹೇಳುವುದು ಒಬ್ಬರ ಜೀವ ತೆಗೆದಂತೆ ಎಂದು ಎಲ್ಲರನ್ನೂ ಕೂರಿಸಿ ದೊಡ್ಡ ಭಾಷಣ ಮಾಡಿದೆ. ಶಿಂದೆ ತಲೆ ತಗ್ಗಿಸಿ ಕೇಳಿದ. ಮೊನ್ನೆ ಎರಡನೆಯ ತಾಲೀಮು ಆಯಿತು. ನೆಲಮಾಳಿಗೆಯ ಹೊಣೆಯನ್ನು ನಾನೇ ಹೊತ್ತುಕೊಂಡು ಶಿಂದೆಯನ್ನು ಜೊತೆಗೆ ಕರೆದೊಯ್ದೆ. ಮೆಟ್ಟಿಲ ತುದಿಯಲ್ಲಿ ನಿಂತು, "ಯಾರರ ಅದೀರೇನ್ರಿ?" ಎಂದು ಕೇಳಿದೆ. ಕೆಳಗಿನಿಂದ ಮೆಲ್ಲಗೆ, ನಿದ್ದೆಯಿಂದ ಎದ್ದವರ ಹಾಗೆ, "ಹೂಂ" ಎಂದು ಬಂತು. ಶಿಂದೆ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಮತ್ತೊಮ್ಮೆ ಕೇಳುವ ಗೋಜಿಗೆ ಹೋಗದೆ ಬಾಗಿಲೆಳೆದು, ವೈರ್‌ಲೆಸ್ಸನ್ನು ಬಾಯಿಗೆ ಹಿಡಿದು, ಸ್ಪಷ್ಟ ಕನ್ನಡದಲ್ಲಿ ಬಿರಾದಾರ ಸರ್‌ಗೆ ತಿಳಿಸಿದೆ: "ಯಾರೂ ಇಲ್ಲ."