ಅಳಿಯಂದಿರ ಅಕ್ಕ

ಅಕ್ಕನ ಮಗಳನ್ನು ಕಟ್ಟಿಕೊಂಡದ್ದು ಹೀಗೆ ತಲೆನೋವಾಗುತ್ತದೆಂದು ಕನಕರಾಜು ಕನಸಿನಲ್ಲೂ ಎಣಿಸಿರಲಿಲ್ಲ. ಅವನ ಊರು ಸಿ.ಎಸ್. ಪುರದ ಕಡೆ ಅದೇನು ಹೊಸದಲ್ಲ ಬಿಡಿ. ಅಪ್ಪ ಅಮ್ಮ ಹೋದಮೇಲೆ ಅಕ್ಕ ರೇವಮ್ಮನೇ ಅವನನ್ನು ಸಾಕಿದಳು, ಓದಿಸಿದಳು, ಕೊನೆಗೆ ಮಗಳು ಯಶಸ್ವಿನಿಯನ್ನೂ ಕೊಟ್ಟು ತುಮಕೂರಿನ ಸದಾಶಿವನಗರದ ತನ್ನ ಮನೆಯಲ್ಲೇ ಇಟ್ಟುಕೊಂಡಳು. ನರ್ಸಾಗಿದ್ದ ಯಶಸ್ವಿನಿ ಕೆನಡಾಕ್ಕೆ ಹೋಗಿ ಅಲ್ಲೇ ಕಾಯಂ ನೆಲೆಸುವ ಅನುಮತಿ ಪಡೆದು, ಗಂಡನನ್ನೂ ಕರೆಸಿಕೊಳ್ಳಲು ಅರ್ಜಿ ಹಾಕಿದ್ದಳು. ಹೆಂಡತಿಯ ಮುಖ ಕಾಣದೆ ಎರಡು ವರ್ಷವಾಗಿತ್ತು. ಕುಣಿಗಲ್ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರಾದ ಅವನು ಬೋರ್ಡಿನ ಮೇಲೆ ಬರೀ ವಿಮಾನ ಬಿಡಿಸತೊಡಗಿದ್ದ.

ಆವತ್ತು ವೀಸಾ ಕಚೇರಿಯವರು ಫೋನಿನಲ್ಲಿ ವಿಚಾರಿಸುತ್ತಾರೆಂದು ಸುದ್ದಿ ಬಂದಿತ್ತು. ಇವರ ಮನೆಯಲ್ಲಿ ಫೋನಿಲ್ಲ. ಕೊಟ್ಟದ್ದು ಪಕ್ಕದ ಮನೆಯ ಮೂಡಲಗಿರಿಯಪ್ಪನವರ ನಂಬರು. ಅವರು ರಿಟೈರಾದ ಪಿ.ಟಿ. ಮೇಷ್ಟ್ರು, ಪ್ರಪಂಚದಲ್ಲಿ ತಮಗೆ ತಿಳಿಯದ್ದು ಇಲ್ಲ ಅನ್ನುವ ಪೈಕಿ. ಬೆಳಿಗ್ಗೆ ಇವರ ಮನೆಯ ಕಾಫಿ ಕುಡಿಯುತ್ತಲೇ ಬಾಂಬು ಹಾಕಿದರು.

"ಅಲ್ಲ ಕನಕರಾಜು, ಆ ದೇಶದಲ್ಲಿ ಅಕ್ಕನ ಮಗಳು ಅಂದ್ರೆ ಸ್ವಂತ ಮಗಳ ಲೆಕ್ಕ. ಗೊತ್ತಾದ್ರೆ ಅರ್ಜಿ ಹರಿದು ಬಿಸಾಕ್ತಾರೆ. ಹೊರಗಿನ ಸಂಬಂಧ ಅಂತ ಹೇಳ್ಬುಡಿ."

ಕನಕರಾಜು ಕಾಫಿ ಲೋಟ ಕೆಳಗಿಟ್ಟು ಎದ್ದ. ರೇವಮ್ಮ ಅವನನ್ನು ಎತ್ತಿಕೊಂಡಿದ್ದ ಹಳೇ ಫೋಟೋ ಗೋಡೆಯಿಂದ ಇಳಿದು ಅಕ್ಕಿ ಡಬ್ಬ ಸೇರಿತು. ಆದರೆ ರೇವಮ್ಮನ ಬಾಯಿಯನ್ನು ಯಾವ ಡಬ್ಬದಲ್ಲಿ ಬಚ್ಚಿಡುವುದು? ಹುಟ್ಟಿದಾಗಿನಿಂದ ಅವನು ಅವಳಿಗೆ "ಏನ್ಲಾ ಕನಕ"ನೇ.

"ತಾಯಿ ಹಂಗೆ ಸಾಕ್ದೆ ಕಣೋ," ಎಂದು ರೇವಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಈಗ ತಮ್ಮ ಅಲ್ಲ ಅನ್ಬೇಕೇನ್ಲಾ?"

ಪಿ.ಟಿ. ಮೇಷ್ಟ್ರು ಮಾತ್ರ ಹಳೇ ಸೀಟಿ ಹುಡುಕಿ ತಂದು ನಡುಮನೆಯಲ್ಲೇ ಡ್ರಿಲ್ ಶುರುಮಾಡಿದರು. ಅವಳು "ಏನ್ಲಾ" ಅಂದಾಗಲೆಲ್ಲ ಸೀಟಿ ಊದಿದರು. ಮಧ್ಯಾಹ್ನದ ಹೊತ್ತಿಗೆ ರೇವಮ್ಮ ತಲೆ ತುಂಬ ಸೆರಗು ಹೊದ್ದು, "ಅಳಿಯಂದ್ರೇ, ಊಟಕ್ಕೇಳಿ" ಎಂದು ಮುದ್ದೆ ಬಡಿಸಿ ಬಾಗಿಲ ಮರೆಗೆ ನಿಂತಳು. ಕನಕರಾಜುವಿಗೆ ಮುದ್ದೆ ಇಳಿಯಲಿಲ್ಲ.

ಫೋನು ಬಂತು. ಎಲ್ಲರೂ ಪಕ್ಕದ ಮನೆಗೆ ಓಡಿದರು. ಆ ಕಡೆ ಕನ್ನಡ ಬಲ್ಲ ಒಬ್ಬ ಹೆಂಗಸು, ನಯವಾದ ಮಾತು. ಮದುವೆ ಯಾವಾಗ, ಎಲ್ಲಿ ಎಂದೆಲ್ಲ ಕೇಳಿ, ಕೊನೆಗೆ ರೇವಮ್ಮನ ಕೈಗೆ ಫೋನು ಕೊಡಿಸಿ, ಆಕೆಗೆ ತಮ್ಮಂದಿರು ಇದ್ದಾರೆಯೇ ಎಂದು ಕೇಳಿದಳು.

ರೇವಮ್ಮ ಕನಕರಾಜುವಿನ ಮುಖ ನೋಡಿದಳು. ಮೇಷ್ಟ್ರು ಸೀಟಿ ತುಟಿಗಿಟ್ಟುಕೊಂಡರು.

"ಇಲ್ಲ ಕಣವ್ವ," ಎಂದಳು ರೇವಮ್ಮ. "ನಂಗೆ ತಮ್ಮ ಅನ್ನೋನೇ ಹುಟ್ಲಿಲ್ಲ."

ಆ ಹೆಂಗಸು ಮತ್ತೆ ಮತ್ತೆ ಕೇಳಿದಳು. ರೇವಮ್ಮ ಜಗ್ಗಲಿಲ್ಲ. ಸಾಲದ್ದಕ್ಕೆ ಮೇಷ್ಟ್ರು ರಿಸೀವರ್ ಕಿತ್ತುಕೊಂಡು, ಈ ಹುಡುಗ ಮದುವೆಗೆ ಮುಂಚೆ ಈ ಮನೆಯ ಹೊಸಲೇ ತುಳಿದಿರಲಿಲ್ಲವೆಂದು ತಾವೂ ಸಾಕ್ಷಿ ನುಡಿದರು. ಕನಕರಾಜು ಖುಷಿಯಲ್ಲಿ ಮೈಸೂರುಪಾಕು ತಂದು ಬೀದಿಗೆಲ್ಲ ಹಂಚಿದ. ಮೇಷ್ಟ್ರು ಎರಡು ಸಲ ಇಸಿದುಕೊಂಡರು.

ದೀಪ ಹಚ್ಚುವ ಹೊತ್ತಿಗೆ ಯಶಸ್ವಿನಿಯ ಫೋನು. ಎಲ್ಲ ಸರಿಹೋಯಿತೆಂದು ಇವನು ಬಾಯಿಬಿಡುವ ಮೊದಲೇ ಅವಳು ತಡೆದಳು.

"ಏನ್ ಮಾವ ಇದು? ವೀಸಾದವ್ರು ಈಗ ನಂಗೆ ಫೋನ್ ಮಾಡಿದ್ರು. ನೀವು ಅಮ್ಮನ ಸ್ವಂತ ತಮ್ಮ, ನಮ್ಮ ಕಡೆ ಹಿಂಗೆ ಮದುವೆ ಆಗ್ತೀವಿ ಅಂತ ನಾನೇ ಅರ್ಜೀಲಿ ಮೊದ್ಲೇ ಹೇಳಿದೀನಿ. ಇಲ್ಲಿ ಅದಕ್ಕೇನೂ ಅಡ್ಡಿ ಇಲ್ಲ. ಅದು ನಿಜಾನಾ ಅಂತ ಕೇಳೋಕೇ ಅವರು ನಿಮಗೆ ಫೋನ್ ಮಾಡಿದ್ದು. ಅಮ್ಮಂಗೆ ತಮ್ಮನೇ ಇಲ್ವಂತೆ. ಈಗ ನೀವ್ಯಾರು, ಈ ಮದುವೆ ನಿಜಾನಾ ಅಂತಾನೇ ಅವರಿಗೆ ಅನುಮಾನ. ಎಲ್ಲಾ ಮೊದ್ಲಿಂದ ಶುರು ಮಾಡ್ಬೇಕು."

ಕನಕರಾಜು ರಿಸೀವರ್ ಇಟ್ಟು ತಿರುಗಿದ. ವಿಷಯ ತಿಳಿದ ಮೇಷ್ಟ್ರು, ಈ ಕಾಲದಲ್ಲಿ ಸುಳ್ಳು ಹೇಳಿ ದಕ್ಕಿಸಿಕೊಳ್ಳುವುದು ಕಷ್ಟ ಎಂದು ಗೊಣಗಿ, ಬಾಯಿ ಒರೆಸಿಕೊಂಡು ಒಳಗೆ ಹೋದರು.

ಮನೆಯ ಬಾಗಿಲಲ್ಲಿ ರೇವಮ್ಮ ಕಾಯುತ್ತಿದ್ದಳು. ತಲೆಯ ಮೇಲಿನ ಸೆರಗು ಇನ್ನೂ ಜಾರಿರಲಿಲ್ಲ. ಅವಳನ್ನು ನೋಡಿದ್ದೇ ಕನಕರಾಜುವಿಗೆ ಅಳು ಒತ್ತರಿಸಿ ಬಂತು.

"ಅಕ್ಕಾ," ಎಂದ.

ರೇವಮ್ಮ ಗಾಬರಿಯಿಂದ ಪಕ್ಕದ ಮನೆಯ ಕಡೆ ನೋಡಿ, ದನಿ ತಗ್ಗಿಸಿದಳು. "ಯಾರಿಗೆ ಅಕ್ಕ? ಕೈಕಾಲು ತೊಳ್ಕೊಂಡು ಒಳಕ್ಕೆ ಬನ್ನಿ ಅಳಿಯಂದ್ರೇ."