ಬಾರಿಸುವವನಿಗೆ ದೇವರು ಸಿಗುವುದು ಕಷ್ಟ

ಚರ್ಚಿನಲ್ಲಿ ಕೀಬೋರ್ಡ್ ಬಾರಿಸುವವನು ನಗೆಪಾಟಲಾಗಲು ಒಂದು ಊರು ಸಾಕು. ನಾನು ಮೂರು ಊರಲ್ಲಿ ಆಗುತ್ತಿರುತ್ತೇನೆ. ವಾರವಿಡೀ ಶಿರಸಿಯಲ್ಲಿ ಹೊಲಿಗೆ ಅಂಗಡಿ. ಭಾನುವಾರ ಬಂತೆಂದರೆ ಕೀಬೋರ್ಡನ್ನು ಬೆನ್ನಿಗೆ ಕಟ್ಟಿಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರ ಎಂದು ಕರೆದಲ್ಲಿಗೆ ಬೈಕು. ಪೂಜೆ ಮುಗಿಸಿ ಹೊರಬರುವವರು "ಇವತ್ತು ದೇವರು ಪಕ್ಕದಲ್ಲೇ ಕೂತ ಹಾಗಿತ್ತು" ಎನ್ನುತ್ತಾರೆ. ನನ್ನ ಪಕ್ಕದಲ್ಲಿ ಕೂತಿರುವುದು ಸ್ಪೀಕರ್. ಶ್ರುತಿ ಏರಿತೇ, ಮುಂದಿನ ಹಾಡು ಯಾವುದು, ಮೈಕು ಯಾಕೆ ಕೂಗುತ್ತಿದೆ, ಇದೇ ಚಡಪಡಿಕೆ. ದೇವರ ಆ ಪ್ರೀತಿ ನನಗೂ ಒಂದು ಸಲ ತಾಗಲಿ ಎಂಬ ಆಸೆ ಮಾತ್ರ ಹೋಗಿರಲಿಲ್ಲ.

ಮೌನದ ಹೊತ್ತು

ಸಿದ್ದಾಪುರದಲ್ಲಿ ಪರಮಪ್ರಸಾದ ಹಂಚಿ ಆದ ಮೇಲೆ ಫಾದರ್, "ಈಗ ಮೌನವಾಗಿ ಪ್ರಭುವಿನ ಸಾನ್ನಿಧ್ಯದಲ್ಲಿ ಇರೋಣ" ಎಂದರು. ಇದೇ ಸಮಯವೆಂದು ನಾನೂ ತಲೆಬಾಗಿ ಮೊಣಕೈ ಊರಿದೆ. ಊರಿದ್ದು ಕೀಬೋರ್ಡು ತಾನೇ ಬಾರಿಸಿಕೊಳ್ಳುವ ಡೆಮೋ ಗುಂಡಿಯ ಮೇಲೆ. ಮದುವೆ ಮೆರವಣಿಗೆಗೆ ಸಾಲುವಷ್ಟು ಡಿಸ್ಕೊ ಶುರುವಾಯಿತು. ನಿಲ್ಲಿಸಲೆಂದು ಇನ್ನೊಂದು ಗುಂಡಿ ಒತ್ತಿದರೆ ತಾಳ ಮತ್ತೂ ಚುರುಕಾಯಿತು. ಕಡೆಗೆ ಪ್ಲಗ್ಗನ್ನೇ ಕಿತ್ತೆ. ಫಾದರ್ ಕಣ್ಣು ತೆರೆಯದೆ ಹೇಳಿದರು: "ಪ್ರಭುವೇ, ಎಲ್ಲರಿಗೂ ನಿನ್ನ ಶಾಂತಿ ಕೊಡು. ಮೂಲೆಯಲ್ಲಿ ಕೂತವನಿಗೆ ಮೊದಲು ಕೊಡು."

ಕಣ್ಣು ಮುಚ್ಚಿದ್ದು

"ಕಣ್ಣು ಬಿಟ್ಕೊಂಡು ಬಾರ್ಸಿದ್ರೆ ಎಂತ ಭಕ್ತಿ ಬರ್ತದೆ? ಮುಚ್ಚಿ ಬಾರ್ಸಿ ನೋಡಿ" ಎಂದಳು ಹೆಂಡತಿ.

ಶಿರಸಿಯಲ್ಲಿ ಪ್ರವೇಶದ ಹಾಡಿಗೆ ಕಣ್ಣು ಮುಚ್ಚಿದೆ. ಹಿತವಾಗಿತ್ತು. ಯಾರೋ ಹತ್ತಿರ ಬರುತ್ತಿದ್ದಾರೆ ಎಂದು ನಿಜವಾಗಿ ಅನ್ನಿಸಿತು. ಬಂದವರು ಫಾದರ್, ಭುಜ ತಟ್ಟಿದರು. ನಾನು ನಿಲ್ಲಿಸದ ಕಾರಣ ಹಾಡುವವರು ಅದೇ ಹಾಡನ್ನು ಮತ್ತೆ ಮೊದಲಿನಿಂದ ಎತ್ತಿಕೊಂಡಿದ್ದರಂತೆ. ಜನರೆಲ್ಲ ನಿಂತೇ ಇದ್ದರು. ಪೂಜೆ ಮುಗಿದ ಮೇಲೆ ಒಬ್ಬ ಅಜ್ಜ ನನ್ನನ್ನು ಅಂಗಳದಲ್ಲಿ ಹಿಡಿದರು. "ತಮಾ, ನಿಂಗೆ ದೇವ್ರು ಕಂಡ್ನೋ ಇಲ್ವೋ ಗೊತ್ತಿಲ್ಲ. ನಂಗೆ ಮಂಡಿನೋವಲ್ಲಿ ಎಲ್ಲಾ ಸಂತರೂ ಕಂಡ್ರು."

ಬೆಂಚಿನ ಮೇಲೆ

ಬಾರಿಸುವುದೇ ಅಡ್ಡಿ ಇರಬೇಕೆಂದು ಒಂದು ಭಾನುವಾರ ಬಿಡುವು ಪಡೆದು, ಎಲ್ಲರಂತೆ ಬೆಂಚಿನಲ್ಲಿ ಕೂತೆ. ಆ ದಿನ ಬಾರಿಸಿದವನು ಶ್ರುತಿ ತೀರಾ ಮೇಲೆ ಹಿಡಿದಿದ್ದ. ನನ್ನ ಜೀವ ಒದ್ದಾಡಿತು. ಬೆರಳುಗಳು ಮುಂದಿನ ಬೆಂಚಿನ ಒರಗಿನ ಮೇಲೆ ಅದನ್ನು ಸರಿಪಡಿಸತೊಡಗಿದವು. ಸ್ವಲ್ಪ ಹೊತ್ತಿಗೆ ಮುಂದೆ ಕೂತಿದ್ದ ಬಾಯಮ್ಮ ಒಬ್ಬರು ತಿರುಗಿ ನೋಡಿದರು. "ಬಾರ್ಸೋದಾದ್ರೆ ಅಲ್ಲಿ ಹೋಗಿ ಬಾರ್ಸು ಮಾರಾಯ. ಇದು ನನ್ ಬೆನ್ನು."

ಯಲ್ಲಾಪುರದಲ್ಲಿ

ಯಲ್ಲಾಪುರಕ್ಕೆ ತಡವಾಗಿ ತಲುಪಿ ಚೀಲ ಬಿಚ್ಚಿದರೆ ಕರೆಂಟಿನ ಅಡಾಪ್ಟರೇ ಇಲ್ಲ. ಅದು ಅಂಗಡಿಯಲ್ಲೇ ಉಳಿದಿತ್ತು. ಜನ ಎದ್ದು ನಿಂತಾಗಿತ್ತು, ಫಾದರ್ ಶುರು ಮಾಡು ಎಂದು ಕೈಸನ್ನೆ ಮಾಡಿದರು. ಎಲ್ಲರೆದುರು ಹೇಳಲು ನಾಚಿಕೆಯಾಗಿ, ಸತ್ತ ಕೀಬೋರ್ಡಿನ ಮೇಲೆಯೇ ಬೆರಳಾಡಿಸುತ್ತ ಬಾಯಿಯಿಂದ ಹಾಡು ಎತ್ತಿದೆ.

ಮೊದಲು ಹೆಂಗಸರು ಸೇರಿದರು, ಆಮೇಲೆ ಹಿಂದಿನ ಸಾಲಿನ ಗಂಡಸರು. ಯಾರೋ ಮೆಲ್ಲಗೆ ಚಪ್ಪಾಳೆಯಲ್ಲಿ ತಾಳ ಹಾಕಿದರು. ಇಷ್ಟು ವರ್ಷ ಈ ದನಿಗಳೆಲ್ಲ ನನ್ನ ಸ್ಪೀಕರಿನ ಅಡಿಯಲ್ಲಿ ಇದ್ದವು. ನಾನು ಕೇಳಿಯೇ ಇರಲಿಲ್ಲ. ಸರಿಪಡಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಹಾಡಿನ ನಡುವೆ ಎಲ್ಲಿಯೋ ಚಡಪಡಿಕೆ ನಿಂತುಹೋಯಿತು. ದೇವರು ಇಲ್ಲಿದ್ದಾನೆ, ನಾನು ಚೆನ್ನಾಗಿ ಬಾರಿಸಿದರೂ ಬಾರಿಸದಿದ್ದರೂ ನನ್ನನ್ನು ಪ್ರೀತಿಸುತ್ತಾನೆ ಅನ್ನಿಸಿತು. ಕಣ್ಣೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

ಪೂಜೆ ಮುಗಿದ ಮೇಲೆ ಮುಂದಿನ ಸಾಲಿನ ಅಜ್ಜಿಯೊಬ್ಬರು ನೆಟ್ಟಗೆ ನನ್ನ ಬಳಿ ಬಂದರು. ನಾನು ಬಾರಿಸಿದಾಗಲೆಲ್ಲ ಕಿವಿ ಮುಚ್ಚಿಕೊಳ್ಳುವ ಅಜ್ಜಿ. ಗುಟ್ಟು ಬಯಲಾಯಿತೆಂದು ತಲೆ ತಗ್ಗಿಸಿದೆ. ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ಮಗಾ, ಇವತ್ತು ಎಷ್ಟು ಚಂದ ಬಾರ್ಸಿದೆ! ಇನ್ಮೇಲೆ ಹೀಂಗೇ ಬಾರ್ಸು."