ಬಾಲ್ಕನಿಯ ಎ.ಸಿ. ಔಟ್‌ಡೋರ್ ಯೂನಿಟ್ ಅವರಿಗೆ, ನನ್ನ ಅಲಸಂಡೆಯ ಪರವಾಗಿ

ಮಂಗಫ್, ಕುವೈತ್
೯ ಸೆಪ್ಟೆಂಬರ್ ೨೦೧೨

ಮಾನ್ಯರೇ,

ನಮ್ಮ ಬಾಲ್ಕನಿಯ ಮುಕ್ಕಾಲು ಭಾಗವನ್ನು ಅಲಂಕರಿಸಿ, ಏಪ್ರಿಲಿನಿಂದ ಅಕ್ಟೋಬರಿನವರೆಗೆ ಬಿಡುವಿಲ್ಲದೆ ಗುಡುಗುತ್ತ ನಮ್ಮ ಸಂಸಾರವನ್ನು ತಂಪಾಗಿಟ್ಟಿರುವ ತಮಗೆ ಮೂರನೇ ಮಹಡಿಯ ಜಾನಿಸ್ ಮಾಡುವ ಅನಂತ ನಮಸ್ಕಾರಗಳು. ತಾವು ಕ್ಷೇಮವಾಗಿರುವುದು ಗೋಡೆಯಾಚೆಗೂ ಕೇಳಿಸುತ್ತಿರುವುದರಿಂದ ಆ ಬಗ್ಗೆ ವಿಚಾರಿಸುವುದಿಲ್ಲ. ನಾವೂ ಕ್ಷೇಮ. ನಮ್ಮ ತರಕಾರಿಯ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ.

ಮಂಗಳೂರಿನ ಹಂಪನಕಟ್ಟೆಯಲ್ಲಿ ಅಂಗಡಿಯ ಮೇಲಿನ ಮನೆಯಲ್ಲಿ ಬೆಳೆದ ನಾನು ಮಣ್ಣಿಗೆ ಕೈ ಹಾಕಿದ್ದೇ ಈ ವರ್ಷ. ನನ್ನ ಅತ್ತೆ ಬೆನೆಡಿಕ್ಟಾಬಾಯಿಯವರಾದರೋ ಕಿನ್ನಿಗೋಳಿಯ ತಮ್ಮ ಹಿತ್ತಲಲ್ಲಿ ತರಕಾರಿ ಬೆಳೆದು, ಮಿಕ್ಕಿದ್ದನ್ನು ಉಪ್ಪಿಗೆ ಹಾಕಿ, ಒಣಗಿಸಿ, ಭರಣಿ ತುಂಬಿಸಿ ವರ್ಷವಿಡೀ ಉಣ್ಣುವವರು. ಮದುವೆಯಾದ ಹತ್ತು ವರ್ಷಗಳಲ್ಲಿ ನನ್ನ ಅಡುಗೆಯ ಬಗ್ಗೆ ಅವರು ಆಡಿದ ಅತಿ ಒಳ್ಳೆಯ ಮಾತೆಂದರೆ, "ಪರವಾಗಿಲ್ಲ, ಹರ್ಬರ್ಟ್ ಇನ್ನೂ ಬದುಕಿದ್ದಾನಲ್ಲ." ಅವರು ಈ ಸಲ ಮೊಂತಿ ಹಬ್ಬಕ್ಕೆ ವಿಸಿಟ್ ವೀಸಾದಲ್ಲಿ ಇಲ್ಲಿಗೇ ಬರುವುದೆಂದಾಯಿತು. ಮಾತೆ ಮೇರಿಯ ಹುಟ್ಟುಹಬ್ಬದ ಆ ದಿನ ಮನೆಯಲ್ಲಿ ಮೀನು ಮಾಂಸ ಇಲ್ಲ, ತರಕಾರಿ ಪದಾರ್ಥಗಳು ಐದೋ ಏಳೋ ಒಂಬತ್ತೋ ಆಗಿ ಬೆಸ ಸಂಖ್ಯೆಯಲ್ಲೇ ಇರಬೇಕು. ಆರನ್ನು ಅಂಗಡಿಯಿಂದ ತಂದರೂ ಏಳನೆಯದು ನಾನೇ ಬೆಳೆದ ಅಲಸಂಡೆ ಎಂದು ಫೋನಿನಲ್ಲಿ ಹೇಳಿಬಿಟ್ಟೆ. ಹೇಳಿದ ಮೇಲೆ ಖಲಾಸ್, ಹಿಂದೆ ಸರಿಯುವಂತಿರಲಿಲ್ಲ.

ಬೀಜ ತರುವ ಮೊದಲೇ ಹನ್ನೆರಡು ಗಾಜಿನ ಭರಣಿ ತಂದಿಟ್ಟೆ. ಹಬ್ಬ ಮುಗಿದು ಉಳಿಯುವ ರಾಶಿಯನ್ನು ಎಲ್ಲಿಡುವುದೆಂಬ ಚಿಂತೆ ನನಗೆ. ಜೂನ್ ಮೊದಲ ವಾರ ಅತ್ತೆ ಫೋನ್ ಮಾಡಿ, "ಇಲ್ಲಿ ಮಳೆ ಹಿಡಿಯಿತು ಮಾರಾಯ್ತಿ, ಬೀಜ ಹಾಕಿಬಿಡು" ಎಂದರು. ಕಿನ್ನಿಗೋಳಿಯಲ್ಲಿ ಮಳೆ ಹಿಡಿದ ಆ ದಿನವೇ, ನಲವತ್ತೆಂಟು ಡಿಗ್ರಿ ಬಿಸಿಲಿನಲ್ಲಿ, ನಾನು ತಮ್ಮ ಮುಖದ ಎದುರಿಗೇ ಎಂಟು ಕುಂಡಗಳನ್ನು ಸಾಲಾಗಿಟ್ಟು ಬೀಜ ಹಾಕಿದೆ.

ಮುಂದೆ ತಾವು ತೋರಿದ ಕಾರ್ಯದಕ್ಷತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ. ಪಕ್ಕದ ಕೊಳವೆಯಿಂದ ತೊಟ್ಟು ತೊಟ್ಟಾಗಿ ನೀರು ದಯಪಾಲಿಸಿ ಮೊಳಕೆ ಬರಿಸಿದವರೂ ತಾವೇ, ಬಂದ ಎಲೆಯನ್ನು ಸಂಜೆಯೊಳಗೆ ಹಪ್ಪಳ ಮಾಡಿದವರೂ ತಾವೇ. ತರಕಾರಿಯನ್ನು ಮೊದಲು ಬೆಳೆಸಿ, ಕೊಯ್ದು, ಆಮೇಲೆ ಒಣಗಿಸುವುದು ನಮ್ಮ ಕಡೆಯ ಹಳೇ ಕ್ರಮ. ತಾವು ಬಳ್ಳಿಯಲ್ಲಿದ್ದಂತೆಯೇ ಒಣಗಿಸಿ ನನಗೆ ಎರಡು ಕೆಲಸ ಉಳಿಸಿದಿರಿ. ತಮ್ಮನ್ನು ಆರಿಸಿ ಗಿಡ ಉಳಿಸೋಣವೆಂದರೆ, ರಿಫೈನರಿಯ ಬಸ್ಸಿನಿಂದ ಬೆವರಿಳಿಸುತ್ತ ಬಂದ ನನ್ನ ಗಂಡ ಹರ್ಬರ್ಟ್, "ಯಲ್ಲಾ, ನಡಿ ನಡಿ, ಗಿಡವನ್ನೇ ಒಳಗೆ ಮಲಗಿಸು, ನಾನು ಬಾಲ್ಕನಿಯಲ್ಲಿ ನಿಲ್ತೇನೆ" ಎಂದರು. ಮಗಳು ಮೆಲಿಶಾ ಕುಂಡಗಳನ್ನು ನೋಡಿ "ಮಮ್ಮಿ, ದೇ ಆರ್ ಡೆಡ್" ಎಂದು ಒಂದೇ ಮಾತಿನಲ್ಲಿ ಮುಗಿಸಿದಳು.

ಆದ್ದರಿಂದ ತಮ್ಮಲ್ಲಿ ಸವಿನಯ ಕೋರಿಕೆ. ಬೇಸಿಗೆಯ ಮಧ್ಯಾಹ್ನ ಹೊರಗೆ ಕೆಲಸ ಮಾಡಬಾರದೆಂದು ಈ ದೇಶದಲ್ಲಿ ಕಾರ್ಮಿಕರಿಗಿರುವ ನಿಯಮವನ್ನು ತಾವೂ ಪಾಲಿಸಬೇಕು, ಆ ಹೊತ್ತಿನಲ್ಲೂ ಒಳಗಿನ ತಂಪು ಮಾತ್ರ ಇಳಿಯಕೂಡದು. ಬಿಸಿಯುಸಿರು ಬಿಡಲೇಬೇಕಿದ್ದರೆ ಮುಖವನ್ನು ಎದುರಿನ ಕಟ್ಟಡದತ್ತ ತಿರುಗಿಸಿ ಬಿಡಬೇಕು. ಅಲ್ಲಿಯವರು ಏನನ್ನೂ ಬೆಳೆಯುತ್ತಿಲ್ಲ, ಬೇಕಿದ್ದರೆ ಹಪ್ಪಳ ಒಣಗಿಸಿಕೊಳ್ಳಲಿ.

ಹಬ್ಬದ ಮುನ್ನಾದಿನ ಎಂಟು ಕುಂಡಗಳಲ್ಲಿ ಉಳಿದದ್ದು ಒಂದೇ ಬಳ್ಳಿ, ಅದರಲ್ಲಿ ಎರಡು ಒಣ ಕೋಡು. ಊರಿನಿಂದ ಬಂದಿಳಿದ ಅತ್ತೆ ಬಾಲ್ಕನಿಗೆ ಹೊರಟಾಗ ನಾನು ನಾಚಿಕೆಯಿಂದ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ. ಅವರು ತಮ್ಮೆದುರು ಸೆರಗು ಹಾರಿಸುತ್ತ ನಿಂತು, ಎರಡು ಕೋಡನ್ನೂ ಬಿಡಿಸಿ, ಹದಿನೈದು ಕಾಳುಗಳನ್ನು ಅಂಗೈಯಲ್ಲಿ ಹಿಡಿದು ಬಂದರು. ಮೂರನ್ನು ಕಾಗದದಲ್ಲಿ ಕಟ್ಟಿಟ್ಟು, ಹನ್ನೆರಡನ್ನು ನೆನೆಹಾಕಿ, ಮರುದಿನ ತೆಂಗಿನಕಾಯಿ ಹಾಕಿ ಸ್ವತಃ ಪಲ್ಯ ಮಾಡಿದರು. ತಲೆಗೆ ಮೂರು ಕಾಳು ಬಂತು. ಬಡಿಸಿ ಮುಗಿಸಿ ಎಲ್ಲರೆದುರು ಪದಾರ್ಥಗಳನ್ನು ಎಣಿಸಿ, "ಏಳು. ಸರಿಯಾಯ್ತು" ಎಂದರು. ಆಮೇಲೆ ಕಾಗದದ ಪೊಟ್ಟಣ ನನ್ನ ಕೈಗಿಟ್ಟು ಹೇಳಿದರು: "ತಪ್ಪು ನನ್ನದು. ನಾನು ನನ್ನ ಊರಿನ ಮಳೆ ನೋಡಿ ಹೇಳಿದೆ. ಯಾವಾಗ ಹಾಕ್ಬೇಕು ಅಂತ ನಿನ್ನ ಹತ್ರ ಕೇಳ್ಬೇಕಿತ್ತು, ಇದು ನಿನ್ನ ಊರಲ್ವಾ."

ಹತ್ತು ವರ್ಷಗಳಲ್ಲಿ ಅವರು ತಪ್ಪೊಪ್ಪಿಕೊಂಡದ್ದನ್ನು ನಾನು ಕೇಳಿದ್ದು ಇದೇ ಮೊದಲು. ನನಗೆ ಅಳುವೇ ಬಂತು. ಏನಾಯಿತೆಂದು ಹರ್ಬರ್ಟ್ ಕೇಳಿದಾಗ, ತಮ್ಮ ಬಿಸಿಗಾಳಿ ಕಣ್ಣಿಗೆ ಬಡಿಯಿತೆಂದು ಹೇಳಿದ್ದೇನೆ. ವಿಚಾರಣೆಯೇನಾದರೂ ನಡೆದರೆ ತಾವು ಹಾಗೆಯೇ ಸಾಕ್ಷಿ ನುಡಿಯಬೇಕಾಗಿ ವಿನಂತಿ.

ಇಂತು, ತಮ್ಮ ತಂಪನ್ನುಂಡೂ ತಮ್ಮನ್ನೇ ದೂರುವ,
ತಮ್ಮ ವಿಶ್ವಾಸಿ,
ಜಾನಿಸ್

ತಾ.ಕ.: ಚಳಿ ಬಿದ್ದು ತಮ್ಮನ್ನು ಆರಿಸಿದ ಕೂಡಲೇ ಆ ಮೂರು ಕಾಳುಗಳನ್ನು ಹಾಕಲಿದ್ದೇನೆ. ಬಳ್ಳಿಗೆ ಆಧಾರ ಬೇಕಾಗಿರುವುದರಿಂದ ಅದನ್ನು ತಮ್ಮ ಮುಖದ ಜಾಲರಿಗೇ ಹಬ್ಬಿಸಲಾಗುವುದು. ಆಕ್ಷೇಪವಿದ್ದರೆ ಮಾರ್ಚ್ ಕೊನೆಯವರೆಗೆ ಬಾಯಿ ಮುಚ್ಚಿಕೊಂಡೇ ತಿಳಿಸತಕ್ಕದ್ದು.